ನೆಲದಿಂದ ಮನೆಯೊಳಕ್ಕೆ ಬರುವ ರೇಡಾನ್ ಅನಿಲ: ಪರೀಕ್ಷೆ ಮತ್ತು ನಿವಾರಣೆ



ನಮ್ಮ ಆಡೂರು, ಹಾನಗಲ್ಲ, ಹಿರೇಕೆರೂರು ಸೀಮೆಯಲ್ಲಿ ಜೋಳವನ್ನು ಹಗೇವಿನಲ್ಲಿ ತುಂಬಿಡುತ್ತಿದ್ದ ಕಾಲವನ್ನು ಹಿರಿಯರು ಬಲ್ಲರು. ಹಗೇವಿನ ಬಾಯಿ ತೆರೆದ ಕೂಡಲೇ ಯಾರೂ ಒಳಗೆ ಇಳಿಯುತ್ತಿರಲಿಲ್ಲ. ಕೆಲ ಹೊತ್ತು ಗಾಳಿಯಾಡಲು ಬಿಟ್ಟು, ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಟ್ಟು, ದೀಪ ಆರದಿದ್ದರೆ ಮಾತ್ರ ಆಳು ಇಳಿಯುತ್ತಿದ್ದ. ಒಳಗೆ ನಿಂತ ಕೆಟ್ಟ ಗಾಳಿಯನ್ನು ಆ ದೀಪವೇ ತೋರಿಸಿಕೊಡುತ್ತಿತ್ತು.

ಈ ಪಾಠದಲ್ಲಿ ಹೇಳುವ ರೇಡಾನ್ ಕೂಡ ನೆಲದೊಳಗಿನ ಅನಿಲವೇ. ಆದರೆ ಇದು ದೀಪವನ್ನು ಆರಿಸುವುದಿಲ್ಲ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಕೆಮ್ಮು, ತಲೆನೋವು ಯಾವುದನ್ನೂ ಆ ಕ್ಷಣಕ್ಕೆ ತರುವುದಿಲ್ಲ. "ಅಲ್ರೀ, ಕಣ್ಣಿಗೆ ಕಾಣಂಗಿಲ್ಲ, ಮೂಗಿಗೆ ಹತ್ತಂಗಿಲ್ಲ ಅಂದ್ರ, ಐತಿ ಅಂತ ಹೆಂಗ ನಂಬೂದ್ರೀ?" ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಒಂದೇ: ಅಳೆದು ನೋಡಬೇಕು.

1. ರೇಡಾನ್ ಎಂದರೇನು?

ಎಲ್ಲ ಕಲ್ಲು ಮಣ್ಣಿನಲ್ಲಿಯೂ ಯುರೇನಿಯಂ ಎಂಬ ಧಾತು ಅತ್ಯಲ್ಪ ಪ್ರಮಾಣದಲ್ಲಿ ಇರುತ್ತದೆ. ಅದು ನಿಧಾನವಾಗಿ ಕ್ಷಯಿಸುತ್ತ ರೇಡಿಯಂ ಆಗುತ್ತದೆ. ರೇಡಿಯಂ ಕ್ಷಯಿಸಿ ರೇಡಾನ್ ಅನಿಲವಾಗುತ್ತದೆ. ಅನಿಲವಾದ್ದರಿಂದ ಅದು ಮಣ್ಣಿನ ಸಂದುಗಳಲ್ಲಿ ಮೇಲಕ್ಕೆ ಹರಿದು ಬರುತ್ತದೆ. ಬಯಲಿನಲ್ಲಿ ಗಾಳಿಯೊಡನೆ ಬೆರೆತು ತೆಳುವಾಗಿ ಹೋಗುತ್ತದೆ. ಮುಚ್ಚಿದ ಕೋಣೆಯೊಳಗೆ ಬಂದರೆ ಅಲ್ಲಿಯೇ ಸೇರಿಕೊಳ್ಳುತ್ತದೆ.

ರೇಡಾನಿನ ಅರ್ಧಾಯುಷ್ಯ 3.8 ದಿನ. ಅಂದರೆ ಇಂದು ಇರುವ ರೇಡಾನಿನಲ್ಲಿ ಅರ್ಧಭಾಗ ಅಷ್ಟರೊಳಗೆ ಕ್ಷಯಿಸಿರುತ್ತದೆ. ಹಾಗೆ ಕ್ಷಯಿಸುವಾಗ ಪೊಲೋನಿಯಂ ಮೊದಲಾದ ಕಣಗಳು ಹುಟ್ಟಿ ಮನೆಯ ಧೂಳಿಗೆ, ಹೊಗೆಗೆ ಅಂಟಿಕೊಳ್ಳುತ್ತವೆ. ಉಸಿರಿನೊಡನೆ ಅವು ಶ್ವಾಸಕೋಶಕ್ಕೆ ಹೋಗಿ ಅಲ್ಲಿ ಆಲ್ಫಾ ಕಿರಣವನ್ನು ಸೂಸುತ್ತವೆ. ಬಹು ವರ್ಷ ಹೀಗೆ ನಡೆದರೆ ಶ್ವಾಸಕೋಶದ ಕ್ಯಾನ್ಸರ್ ಬರುವ ಸಂಭವ ಹೆಚ್ಚುತ್ತದೆ.

2. ಇದು ತಿಳಿದುಬಂದ ಬಗೆ

ಜರ್ಮನಿಯ ಶ್ನೀಬರ್ಗ್ ಎಂಬಲ್ಲಿ ಗಣಿಯಾಳುಗಳು ಎದೆಯ ರೋಗದಿಂದ ಸಾಯುವುದು ಶತಮಾನಗಳಿಂದ ಕಂಡ ಸಂಗತಿಯಾಗಿತ್ತು. ಅದು ಶ್ವಾಸಕೋಶದ ಗಂತಿ ಎಂದು 1879ರಲ್ಲಿ ವೈದ್ಯರು ಗುರುತಿಸಿದರು. ಅದಕ್ಕೆ ರೇಡಾನ್ ಕಾರಣವೆಂಬುದು ಆಮೇಲೆ ತಿಳಿಯಿತು. 1988ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ರೇಡಾನನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು.

ಗಣಿಯಲ್ಲಿ ಇರುವುದು ಮನೆಯಲ್ಲಿಯೂ ಇರಬಹುದೆಂದು ಜಗತ್ತಿನ ಗಮನ ಸೆಳೆದದ್ದು 1984ರ ಡಿಸೆಂಬರಿನ ಒಂದು ಘಟನೆ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಕಟ್ಟುತ್ತಿದ್ದ ಅಣುಸ್ಥಾವರದಲ್ಲಿ ಸ್ಟ್ಯಾನ್ಲಿ ವಾಟ್ರಸ್ ಎಂಬ ಇಂಜಿನಿಯರು ವಿಕಿರಣ ತಪಾಸಣೆಯ ಯಂತ್ರದ ಮುಂದೆ ನಿಂತಾಗಲೆಲ್ಲ ಗಂಟೆ ಬಾರಿಸುತ್ತಿತ್ತು. ಸ್ಥಾವರವಾದರೋ ಇನ್ನೂ ಕೆಲಸ ಆರಂಭಿಸಿರಲಿಲ್ಲ. ಹುಡುಕಿ ನೋಡಿದರೆ ದೋಷವಿದ್ದದ್ದು ಅವರ ಮನೆಯಲ್ಲಿ. ನೆಲದಡಿಯಿಂದ ರೇಡಾನ್ ವಿಪರೀತವಾಗಿ ಒಳಬರುತ್ತಿತ್ತು. ಆ ಮನೆಯನ್ನು ಕೆಡವಬೇಕಾಗಲಿಲ್ಲ. ದುರಸ್ತಿ ಮಾಡಿಸಿ ಮತ್ತೆ ವಾಸಕ್ಕೆ ಬಂದರು ಎಂಬುದನ್ನು ಗಮನಿಸಬೇಕು.

3. ನಮ್ಮ ನಾಡಿನ ಸ್ಥಿತಿ

ಕರ್ನಾಟಕದಲ್ಲಿ ಮೈಸೂರು ಮತ್ತು ಮಂಗಳೂರು ವಿಶ್ವವಿದ್ಯಾಲಯಗಳ ಭೌತವಿಜ್ಞಾನಿಗಳು ಮನೆಗಳ ಗಾಳಿಯಲ್ಲಿ, ನೀರಿನಲ್ಲಿ, ಮಣ್ಣಿನಲ್ಲಿ ರೇಡಾನನ್ನು ಅಳೆದಿದ್ದಾರೆ. ಸಾಮಾನ್ಯವಾಗಿ ಗ್ರಾನೈಟ್ ಬಂಡೆಯ ಪ್ರದೇಶದಲ್ಲಿ ಇದು ಹೆಚ್ಚು. ಬೆಂಗಳೂರಿನ ಹಲವು ಕೊಳವೆಬಾವಿಗಳ ನೀರಿನಲ್ಲಿಯೂ ಇದು ಕಂಡುಬಂದಿದೆ. ನಮ್ಮ ಭಾಗದ್ದು ಬಹುಮಟ್ಟಿಗೆ ಧಾರವಾಡ ಪದರುಶಿಲೆಯ ನೆಲ. ಆದರೂ ಒಂದೇ ಓಣಿಯ ಎರಡು ಮನೆಗಳಲ್ಲಿ ಪ್ರಮಾಣ ಬೇರೆ ಬೇರೆ ಇರಬಹುದಾದ್ದರಿಂದ ಕಲ್ಲಿನ ಜಾತಿ ನೋಡಿ ತೀರ್ಮಾನಿಸುವಂತಿಲ್ಲ.

ಇಲ್ಲಿ ಇನ್ನೊಂದು ಮಾತು. ನಮ್ಮ ಹಳೆಯ ಹೆಂಚಿನ ಮನೆಗಳು ತಾವೇ ಉಸಿರಾಡುತ್ತಿದ್ದವು. ಹೆಂಚಿನ ಸಂದು, ಬೆಳಕಿಂಡಿ, ಎದುರುಬದುರು ಬಾಗಿಲುಗಳಿಂದ ಗಾಳಿ ಓಡಾಡುತ್ತಿತ್ತು. ಅಡಿಕೆಗೆ ಒಳ್ಳೆಯ ಧಾರಣೆ ಬಂದ ವರ್ಷ ಆ ಮನೆ ತೆಗೆದು ಆರ್.ಸಿ.ಸಿ. ಮನೆ ಕಟ್ಟುತ್ತೇವೆ. ಗಾಜಿನ ಕಿಟಕಿ ಬಿಗಿಯಾಗಿ ಮುಚ್ಚುತ್ತದೆ. ಸೊಳ್ಳೆಗೆ, ಚಳಿಗೆ ಹೆದರಿ ರಾತ್ರಿಯೆಲ್ಲ ಮುಚ್ಚಿಯೇ ಇಡುತ್ತೇವೆ. ಮನೆ ಭದ್ರವಾಯಿತು, ಗಾಳಿ ಮಾತ್ರ ನಿಂತಿತು. ಮಲೆನಾಡಿನ ಕಾಫಿ ತೋಟದ ಬಾಂಧವರು ಮಳೆಗಾಲದಲ್ಲಿ ಮುಚ್ಚಿಡುವ ಮನೆಗೂ ಈ ಮಾತು ಅನ್ವಯಿಸುತ್ತದೆ.

4. ಪರೀಕ್ಷೆ ಮಾಡುವ ವಿಧಾನ

ರೇಡಾನನ್ನು ಬೆಕೆರೆಲ್ ಎಂಬ ಮಾನದಿಂದ ಅಳೆಯುತ್ತಾರೆ. ಒಂದು ಸೆಕೆಂಡಿಗೆ ಒಂದು ಪರಮಾಣು ಕ್ಷಯಿಸಿದರೆ ಅದು ಒಂದು ಬೆಕೆರೆಲ್. ವಿಶ್ವ ಆರೋಗ್ಯ ಸಂಸ್ಥೆಯು 2009ರಲ್ಲಿ ಮನೆಯ ಗಾಳಿಗೆ ಘನ ಮೀಟರಿಗೆ 100 ಬೆಕೆರೆಲ್ ಮಟ್ಟವನ್ನು ಸೂಚಿಸಿತು. ಅದು ಸಾಧ್ಯವಾಗದ ಕಡೆಯೂ 300 ಮೀರಬಾರದೆಂದು ಹೇಳಿತು. ಪ್ರತಿ 100 ಬೆಕೆರೆಲ್ ಹೆಚ್ಚಿದಂತೆ ಶ್ವಾಸಕೋಶದ ಕ್ಯಾನ್ಸರಿನ ಸಂಭವ ಸುಮಾರು ಶೇ. 16ರಷ್ಟು ಏರುತ್ತದೆಂದು ಲೆಕ್ಕವಿದೆ.

ಪರೀಕ್ಷೆಗೆ ಮೂರು ಸಾಧನಗಳಿವೆ:

(ಅ) ಫಿಲ್ಮಿನ ಡಬ್ಬಿ: ಚಿಕ್ಕ ಡಬ್ಬಿಯೊಳಗೆ ಪ್ಲಾಸ್ಟಿಕ್ ಫಿಲ್ಮಿನ ತುಂಡು ಇರುತ್ತದೆ. ಮೂರು ತಿಂಗಳು ಕೋಣೆಯಲ್ಲಿ ತೂಗುಹಾಕಿ ಪ್ರಯೋಗಾಲಯಕ್ಕೆ ಕಳಿಸಬೇಕು. ಆಲ್ಫಾ ಕಣ ಬಡಿದ ಗುರುತುಗಳನ್ನು ಅಲ್ಲಿ ಎಣಿಸುತ್ತಾರೆ. ವಿದ್ಯುತ್ ಬೇಡ, ಫಲಿತಾಂಶ ನಂಬಬಹುದಾದದ್ದು.

(ಆ) ಇದ್ದಿಲ ಡಬ್ಬಿ: ಎರಡರಿಂದ ಏಳು ದಿನದ ಪರೀಕ್ಷೆ. ಮೊದಲ ಅಂದಾಜಿಗೆ ಸಾಕು.

(ಇ) ವಿದ್ಯುನ್ಮಾನ ಮೀಟರು: ಅಂಕಿಯನ್ನು ತಾನೇ ತೋರಿಸುತ್ತದೆ. ಬೆಲೆ ಹೆಚ್ಚಾದರೂ ಒಂದೇ ಮೀಟರನ್ನು ಸರದಿಯಂತೆ ಹಲವು ಮನೆಗಳಲ್ಲಿ ಇಡಬಹುದು. ಸಿಂಪರಣಾ ಯಂತ್ರವನ್ನು ಹಂಚಿಕೊಳ್ಳುವ ನಮಗೆ ಇದು ಹೊಸದಲ್ಲ.

ಸಾಧನವನ್ನು ನೆಲಮಹಡಿಯ ಮಲಗುವ ಕೋಣೆಯಲ್ಲಿ, ನೆಲದಿಂದ ಸುಮಾರು ಮೂರು ನಾಲ್ಕು ಅಡಿ ಎತ್ತರದಲ್ಲಿ ಇಡಬೇಕು. ಕಿಟಕಿ, ಫ್ಯಾನು, ಒಲೆ, ಬಚ್ಚಲುಗಳಿಂದ ದೂರವಿರಲಿ. ಪರೀಕ್ಷೆಯೆಂದು ಕಿಟಕಿಗಳನ್ನು ವಿಶೇಷವಾಗಿ ತೆರೆದಿಡಬಾರದು, ನಿತ್ಯದಂತೆಯೇ ಬಾಳಬೇಕು. ಚಳಿಗಾಲದಲ್ಲಿ ಒಂದು ಸಲ, ಬೇಸಿಗೆಯಲ್ಲಿ ಒಂದು ಸಲ ಅಳೆದರೆ ಉತ್ತಮ. ಎರಡು ದಿನದ ಅಂಕಿ ನೋಡಿ ದೊಡ್ಡ ಖರ್ಚಿಗೆ ಇಳಿಯಬಾರದು.

5. ಕಡಿಮೆ ಮಾಡುವ ಉಪಾಯಗಳು

ಖರ್ಚಿಲ್ಲದ ಉಪಾಯದಿಂದ ಆರಂಭಿಸಬೇಕು.

ಮೊದಲನೆಯದು ಗಾಳಿ. ಎದುರುಬದುರಿನ ಎರಡು ಕಿಟಕಿಗಳನ್ನು ಬೆಳಿಗ್ಗೆ ಸಂಜೆ ತೆರೆದಿಡಿ. ಸೊಳ್ಳೆಗೆ ಜಾಳಿಗೆ ಹಾಕಿಸಿ ರಾತ್ರಿಯೂ ಸ್ವಲ್ಪ ತೆರೆದಿರಲಿ. ಎಲ್ಲವನ್ನೂ ಮುಚ್ಚಿ ಹೊರದೂಡುವ ಫ್ಯಾನನ್ನು ಮಾತ್ರ ಹಾಕಿದರೆ ಅದು ನೆಲದ ಬಿರುಕಿನಿಂದ ರೇಡಾನನ್ನೇ ಒಳಗೆ ಎಳೆಯಬಹುದು; ಹೊರಗಾಳಿ ಬರಲು ದಾರಿ ಇರಲೇಬೇಕು.

ಎರಡನೆಯದು ಬಿರುಕು ಮುಚ್ಚುವುದು. ನೆಲ ಮತ್ತು ಗೋಡೆ ಕೂಡುವ ಸಂದು, ಪೈಪು ಹಾದುಬಂದ ತೂತು, ಗಾರೆಯ ಬಿರುಕುಗಳನ್ನು ಸಿಮೆಂಟಿನಿಂದ ಮುಚ್ಚಿಸಿ. ಇದೊಂದರಿಂದಲೇ ಪೂರ್ಣ ಗುಣ ಸಿಗದು. ಗಾಳಿಯ ಜೊತೆಗೆ ಇದು ನಡೆಯಬೇಕು.

ಮೂರನೆಯದು ನೆಲದಡಿಯ ಪೈಪು. ಅಂಕಿ 300 ಮೀರಿದ ಮನೆಗೆ ಇದು ಉತ್ತಮ. ನೆಲದ ಗಾರೆಯ ಕೆಳಗಿನಿಂದ ನಾಲ್ಕಿಂಚಿನ ಪಿ.ವಿ.ಸಿ. ಪೈಪನ್ನು ಚಾವಣಿಯ ಮೇಲಿನವರೆಗೆ ಒಯ್ದು ಚಿಕ್ಕ ಫ್ಯಾನು ಜೋಡಿಸಿದರೆ ಅನಿಲ ಮನೆಗೆ ಬರುವ ಮುಂಚೆಯೇ ಹೊರಹೋಗುತ್ತದೆ. ಹೊಸ ಮನೆ ಕಟ್ಟುವವರು ನೆಲದಡಿ ನಾಲ್ಕಿಂಚು ಖಡಿ ಹರಡಿ, ಅದರಲ್ಲಿ ಪೈಪಿನ ತುದಿ ಇಟ್ಟು, ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ ಕಾಂಕ್ರೀಟು ಹಾಕಿಸುವುದು ಜಾಣತನ. ಆಗ ಆಗುವ ಖರ್ಚು ಅಲ್ಪ. ಮುಂದೆ ನೆಲ ಅಗೆದು ಮಾಡಿಸುವುದು ದುಬಾರಿ.

ನಾಲ್ಕನೆಯದು ನೀರು. ಕೊಳವೆಬಾವಿಯ ನೀರಿನ ರೇಡಾನ್ ಹೆಚ್ಚಾಗಿ ಗಾಳಿಗೆ ಹಾರಿಹೋಗುತ್ತದೆ. ನೀರಿನಲ್ಲಿರುವುದರ ಹತ್ತು ಸಾವಿರದಲ್ಲಿ ಒಂದು ಪಾಲು ಮನೆಯ ಗಾಳಿಗೆ ಸೇರುತ್ತದೆಂದು ಸಾಮಾನ್ಯ ಲೆಕ್ಕ. ಲೀಟರಿಗೆ 50 ಬೆಕೆರೆಲ್ ಇದ್ದರೆ ಘನ ಮೀಟರಿಗೆ 50,000. ಗಾಳಿಗೆ ಸೇರುವುದು 5 ಮಾತ್ರ. ಆದ್ದರಿಂದ ಮುಖ್ಯ ದಾರಿ ನೆಲವೇ. ನೀರನ್ನು ಮನೆಯ ಹೊರಗಿನ ತೊಟ್ಟಿಗೆ ಎತ್ತರದಿಂದ ಬೀಳುವಂತೆ ತುಂಬಿಸಿದರೆ ಈ ಅಂಶವೂ ತಗ್ಗುತ್ತದೆ.

6. ಬೀಡಿಯ ವಿಷಯ

ರೇಡಾನ್ ಮತ್ತು ಹೊಗೆಸೊಪ್ಪು ಕೂಡಿದರೆ ಅಪಾಯ ಬಹುಪಟ್ಟು. ಧೂಮಪಾನಿಗಳಿಗೆ ರೇಡಾನಿನಿಂದ ಆಗುವ ಅಪಾಯ ಧೂಮಪಾನ ಮಾಡದವರಿಗಿಂತ ಸುಮಾರು 25 ಪಟ್ಟು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮೀಟರು ತರುವ ಮುಂಚೆ, ಪೈಪು ಹಾಕಿಸುವ ಮುಂಚೆ, ಮನೆಯೊಳಗೆ ಬೀಡಿ ಸೇದುವುದನ್ನು ಬಿಡುವುದು ಮೊದಲ ದುರಸ್ತಿ.

ಪಾಠದ ಸಾರ: ಹೆದರಬೇಕಾಗಿಲ್ಲ, ಉದಾಸೀನವೂ ಸಲ್ಲದು. 100ರ ಒಳಗಿದ್ದರೆ ನಿಶ್ಚಿಂತೆ. 100ರಿಂದ 300 ಇದ್ದರೆ ಗಾಳಿ ಹೆಚ್ಚಿಸಿ, ಬಿರುಕು ಮುಚ್ಚಿಸಿ ಮತ್ತೆ ಅಳೆಯಿರಿ. 300 ಮೀರಿದರೆ ನೆಲದಡಿಯ ಪೈಪಿನ ವ್ಯವಸ್ಥೆ ಮಾಡಿಸಿ, ಆಮೇಲೂ ಒಮ್ಮೆ ಅಳೆಯಿರಿ.

ಹಗೇವಿಗೆ ಇಳಿಯುವ ಮುಂಚೆ ಕಂದೀಲು ಇಳಿಬಿಟ್ಟ ಹಿರಿಯರ ಎಚ್ಚರ ನಮ್ಮಲ್ಲಿ ಉಳಿಯಲಿ. ಮಕ್ಕಳು ಮಲಗುವ ಕೋಣೆಯ ಕಿಟಕಿ ಇಂದು ರಾತ್ರಿ ತೆರೆದಿದೆಯೇ ಎಂದು ಒಮ್ಮೆ ನೋಡಿಕೊಳ್ಳಿರಿ.