ಮನೆಯ ಚಿತ್ರಭಂಡಾರವೂ ಅದರ ಹಕ್ಕುದಾರರೂ

ಹಿಂದೆ ನಮ್ಮ ಕಡೆಯ ಮನೆಗಳಲ್ಲಿ ಛಾಯಾಚಿತ್ರಗಳಿಗೆ ಎರಡೇ ನೆಲೆಗಳಿದ್ದವು. ಹಿರಿಯರ ಭಾವಚಿತ್ರಗಳು ಚೌಕಟ್ಟಿನೊಳಗೆ ಚಾವಡಿಯ ಗೋಡೆಯಲ್ಲಿರುತ್ತಿದ್ದವು; ಮದುವೆ, ಉಪನಯನ, ಗೃಹಪ್ರವೇಶಗಳ ಚಿತ್ರಗಳು ಆಲ್ಬಮಿನಲ್ಲಿ ಸೇರಿ ಪೆಟ್ಟಿಗೆಯಲ್ಲಿರುತ್ತಿದ್ದವು. ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿದು ಅವುಗಳಲ್ಲಿ ಎಷ್ಟೋ ಕೆಟ್ಟುಹೋದವೆಂಬುದು ನಿಜವೇ. ಆದರೆ ಇದ್ದಷ್ಟು ಕಾಲ ಅವು ಮನೆಯವರೆಲ್ಲರ ಸೊತ್ತಾಗಿದ್ದವು. ಅವುಗಳನ್ನು ನೋಡುವುದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಈಗ ಚಿತ್ರಗಳಿಗೆ ಬರಗಾಲವಿಲ್ಲ. ಒಂದು ಜಾತ್ರೆಯ ದಿನ ಒಬ್ಬನೇ ನೂರು ಚಿತ್ರಗಳನ್ನು ತೆಗೆಯುತ್ತಾನೆ. ಅವು ಫೋನಿನಿಂದ ಮನೆಯ ಗಣಕಯಂತ್ರಕ್ಕೆ ಬಂದು ಅವನ ಖಾತೆಯೊಳಗೆ, ಅವನ ಪಾಸ್‌ವರ್ಡಿನ ಹಿಂದೆ ಸೇರುತ್ತವೆ. ಮುಂದೆ ಅವನು ಉದ್ಯೋಗಕ್ಕಾಗಿ ಬೆಂಗಳೂರಿಗೋ ಕೊಲ್ಲಿ ರಾಷ್ಟ್ರಗಳಿಗೋ ಹೋದಾಗ ಯಂತ್ರವು ಮನೆಯಲ್ಲಿಯೇ ಉಳಿಯುತ್ತದೆ, ಚಿತ್ರಗಳೂ ಯಂತ್ರದಲ್ಲಿಯೇ ಉಳಿಯುತ್ತವೆ. ಆದರೂ ಮನೆಯವರಿಗೆ ಅವು ಕಾಣುವುದಿಲ್ಲ. ಸೊತ್ತು ಮನೆಯೊಳಗಿದ್ದೂ ಮನೆಗೆ ಸೇರಿದ್ದಾಗಿಲ್ಲ. ಈ ತೊಡಕಿಗೆ ಪರಿಹಾರವೇನೆಂಬುದನ್ನು ಈ ಲೇಖನದಲ್ಲಿ ವಿವೇಚಿಸಲು ಬಯಸುತ್ತೇವೆ.

ಪ್ರತ್ಯೇಕ ಖಾತೆಗಳು ಬೇಕೇ?

ಎಲ್ಲರೂ ಒಂದೇ ಖಾತೆಯನ್ನು ಬಳಸಿದರೆ ತೊಡಕೇ ಇರದಲ್ಲವೇ ಎಂದು ಕೆಲವರು ಕೇಳಬಹುದು. ಇದು ಸರಿಯಾದ ದಾರಿಯಲ್ಲ. ತಂದೆಯ ಬ್ಯಾಂಕಿನ ವ್ಯವಹಾರ, ಮಗಳ ಪಾಠದ ಟಿಪ್ಪಣಿ, ತಾಯಿಯ ಪತ್ರವ್ಯವಹಾರ ಇವು ಬೇರೆಬೇರೆಯಾಗಿರುವುದೇ ಕ್ಷೇಮ. ಕೂಡುಕುಟುಂಬದ ಮನೆಯಲ್ಲಿಯೂ ಅವರವರಿಗೆ ಕೋಣೆಗಳಿದ್ದವು, ಎಲ್ಲರಿಗೂ ಒಂದು ಚಾವಡಿಯಿತ್ತು. ಕೋಣೆಗಳ ಗೋಡೆಗಳನ್ನು ಕೆಡವದೆ ಚಾವಡಿಯನ್ನು ಕಟ್ಟುವುದೇ ನಮ್ಮ ಮುಂದಿರುವ ಕೆಲಸ.

ಪ್ರತಿಯೊಬ್ಬರಿಗೂ ಒಂದೊಂದು ಪ್ರತಿ ಕೊಟ್ಟರಾಗದೇ ಎಂಬುದು ಇನ್ನೊಂದು ಪ್ರಶ್ನೆ. ಲೆಕ್ಕ ಹಾಕಿ ನೋಡೋಣ. ಒಂದು ಚಿತ್ರದ ಗಾತ್ರ 4 ಮೆಗಾಬೈಟ್ ಎಂದಿಟ್ಟುಕೊಂಡರೆ 10,000 ಚಿತ್ರಗಳಿಗೆ 40 ಗಿಗಾಬೈಟ್ ಆಯಿತು; ನಾಲ್ವರಿಗೆ ನಾಲ್ಕು ಪ್ರತಿಗಳಾದರೆ 160. ಜಾಗದ ನಷ್ಟಕ್ಕಿಂತಲೂ ದೊಡ್ಡ ಕೇಡು ಬೇರೊಂದಿದೆ. ಒಬ್ಬನು ತನ್ನ ಪ್ರತಿಯಲ್ಲಿ ಹೆಸರು ಬರೆಯುತ್ತಾನೆ, ಇನ್ನೊಬ್ಬಳು ತನ್ನದರಲ್ಲಿ ಬೇಡವಾದುದನ್ನು ಅಳಿಸುತ್ತಾಳೆ. ವರ್ಷ ಕಳೆಯುವಷ್ಟರಲ್ಲಿ ನಾಲ್ಕು ಪ್ರತಿಗಳು ನಾಲ್ಕು ಬಗೆಯಾಗಿ, ಯಾವುದು ಪೂರ್ಣವೆಂಬುದು ಯಾರಿಗೂ ತಿಳಿಯದಂತಾಗುತ್ತದೆ.

ಹಕ್ಕುಗಳ ಲೆಕ್ಕ

ಕೇರಳದ ಶಾಲೆಗಳಲ್ಲಿ 2001ರಲ್ಲಿ ಐಟಿ ಅಟ್ ಸ್ಕೂಲ್ ಯೋಜನೆಯು ಆರಂಭವಾಯಿತು. 2017ರಲ್ಲಿ ಅದು ಕೈಟ್ ಎಂಬ ಸಂಸ್ಥೆಯಾಯಿತು. ಅದು ಸಿದ್ಧಪಡಿಸಿದ ಗ್ನು/ಲಿನಕ್ಸ್ ವ್ಯವಸ್ಥೆಯನ್ನು ನಮ್ಮ ವಿದ್ಯಾರ್ಥಿಗಳು ಶಾಲೆಯಲ್ಲಿ ದಿನವೂ ಕಾಣುತ್ತಾರೆ. ಅದಕ್ಕೆ ಆಧಾರವಾದುದು ಉಬುಂಟು. ಉಬುಂಟುವಿನ ಕಟ್ಟಳೆಗಳ ಮೂಲವಾದರೋ 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನ್ನಿಸ್ ರಿಚೀ ಮೊದಲಾದವರು ಕಟ್ಟತೊಡಗಿದ ಯೂನಿಕ್ಸ್ ವ್ಯವಸ್ಥೆಯಲ್ಲಿದೆ. ಆ ಕಾಲದಲ್ಲಿ ಗಣಕಯಂತ್ರವು ಬಹಳ ಬೆಲೆಯ ವಸ್ತುವಾಗಿದ್ದು ಹಲವರು ಒಂದನ್ನೇ ಹಂಚಿಕೊಂಡು ಬಳಸಬೇಕಾಗಿತ್ತು. ಆದುದರಿಂದ ಯಾವುದು ಯಾರದು, ಯಾರು ಏನು ಮಾಡಬಹುದು ಎಂಬ ಕಟ್ಟಳೆ ಅದರಲ್ಲಿ ಮೊದಲಿಂದಲೇ ಬೆಳೆದುಬಂತು. ಇಂದು ಮನೆಯಲ್ಲಿ ನಮಗೆ ಬೇಕಾದುದೂ ಅದೇ ಕಟ್ಟಳೆ.

ಈ ವ್ಯವಸ್ಥೆಯಲ್ಲಿ ಪ್ರತಿಯೊಂದು ಕಡತಕ್ಕೂ ಮೂರು ವರ್ಗದ ಜನರಿದ್ದಾರೆ: ಒಡೆಯ, ಗುಂಪು, ಇತರರು. ಪ್ರತಿಯೊಂದು ವರ್ಗಕ್ಕೂ ಮೂರು ಹಕ್ಕುಗಳಿವೆ. ಓದುವ ಹಕ್ಕಿಗೆ 4, ಬರೆಯುವ ಹಕ್ಕಿಗೆ 2, ನಡೆಸುವ ಹಕ್ಕಿಗೆ 1 ಎಂಬ ಬೆಲೆಯನ್ನು ಗೊತ್ತುಮಾಡಿದ್ದಾರೆ. ಫೋಲ್ಡರಿನ ಮಟ್ಟಿಗೆ ನಡೆಸುವುದೆಂದರೆ ಒಳಗೆ ಪ್ರವೇಶಿಸುವುದು. ಮೂರು ಹಕ್ಕುಗಳೂ ಇದ್ದರೆ 7. ಓದುವುದು, ಪ್ರವೇಶಿಸುವುದು ಮಾತ್ರವಾದರೆ 5. ಏನೂ ಇಲ್ಲದಿದ್ದರೆ 0. 4, 2, 1 ಎಂಬ ಬೆಲೆಗಳನ್ನು ಹೇಗೆ ಕೂಡಿಸಿದರೂ ಒಂದೇ ಮೊತ್ತವು ಎರಡು ಬಗೆಯಲ್ಲಿ ಬಾರದು. ಆದುದರಿಂದ ಒಂದೇ ಅಂಕೆಯು ಮೂರು ಪ್ರಶ್ನೆಗಳಿಗೆ ಉತ್ತರ ಕೊಡುತ್ತದೆ. ದ್ವಿಮಾನ ಪದ್ಧತಿಯನ್ನು ಕಲಿಯುವ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ದೊರೆಯಲಾರದು.

ಇಲ್ಲಿ ಬಹುಮಂದಿ ಗಮನಿಸದ ವಿಷಯವೊಂದಿದೆ. ಕಡತವನ್ನು ಅಳಿಸುವ ಹಕ್ಕು ಆ ಕಡತದ ಮೇಲಿನ ಹಕ್ಕಲ್ಲ. ಅದು ಕಡತವಿರುವ ಫೋಲ್ಡರಿನಲ್ಲಿ ಬರೆಯುವ ಹಕ್ಕು. ಚಿತ್ರವನ್ನು ‘ಓದಲು ಮಾತ್ರ’ ಎಂದು ಗುರುತಿಸಿದ್ದರೂ ಫೋಲ್ಡರಿನಲ್ಲಿ ಬರೆಯಬಲ್ಲವನು ಅದನ್ನು ತೆಗೆದುಹಾಕಬಲ್ಲನು. ಹೀಗಾಗಿ ಎಲ್ಲರಿಗೂ ಚಿತ್ರ ಸೇರಿಸುವ ಅವಕಾಶ ಕೊಟ್ಟೆವೆಂದರೆ ಎಲ್ಲರ ಚಿತ್ರಗಳನ್ನೂ ಅಳಿಸುವ ಅವಕಾಶವನ್ನು ಎಲ್ಲರಿಗೂ ಕೊಟ್ಟಂತಾಯಿತು. ಇದಕ್ಕೂ ಉಪಾಯವುಂಟು.

ಚಾವಡಿಯನ್ನು ಕಟ್ಟುವ ಕ್ರಮ

ಮೊದಲು ಮನೆಯವರೆಲ್ಲರ ಖಾತೆಗಳನ್ನೂ ಸೇರಿಸಿ ‘ಕುಟುಂಬ’ವೆಂಬ ಒಂದು ಗುಂಪನ್ನು ಮಾಡತಕ್ಕದ್ದು. ಸೇರಿಸಿದ ಮೇಲೆ ಪ್ರತಿಯೊಬ್ಬರೂ ಒಮ್ಮೆ ತಮ್ಮ ಖಾತೆಯಿಂದ ಹೊರಬಂದು ಮತ್ತೆ ಪ್ರವೇಶಿಸಬೇಕು; ಅಲ್ಲಿಯವರೆಗೆ ಗುಂಪಿನ ಹಕ್ಕು ದೊರೆಯದು. ಅನಂತರ ಯಾರೊಬ್ಬರ ಕೋಣೆಯೊಳಗೂ ಅಲ್ಲದೆ, ಹೊರಗೆ ಪ್ರತ್ಯೇಕವಾಗಿ ಒಂದು ಫೋಲ್ಡರನ್ನು ನಿರ್ಮಿಸಿ ಅದನ್ನು ಈ ಗುಂಪಿಗೆ ಒಪ್ಪಿಸಬೇಕು. ಹೊರಗೆ ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. ಹಿಂದೆ ಉಬುಂಟುವಿನಲ್ಲಿ ಒಬ್ಬರ ಮನೆಫೋಲ್ಡರಿನೊಳಕ್ಕೆ ಇತರರು ಇಣಿಕಿ ನೋಡಬಹುದಾಗಿತ್ತು. 2021ರ ಏಪ್ರಿಲಿನಲ್ಲಿ ಬಂದ 21.04ನೆಯ ಆವೃತ್ತಿಯಿಂದ ಈಚೆಗೆ ಹೊಸ ಖಾತೆಗಳಿಗೆ ಆ ಬಾಗಿಲನ್ನು ಮುಚ್ಚಿದ್ದಾರೆ.

ಈ ಫೋಲ್ಡರಿಗೆ ಕೊಡಬೇಕಾದ ಸಂಖ್ಯೆ 3770. ಬಲಗಡೆಯ ಮೂರು ಅಂಕೆಗಳ ಅರ್ಥವನ್ನು ವಾಚಕರು ಈಗಾಗಲೇ ಬಲ್ಲರು: ಒಡೆಯನಿಗೆ 7, ಗುಂಪಿಗೆ 7, ಇತರರಿಗೆ 0. ಎಡಗಡೆಯ 3 ಎಂಬುದು 2 ಮತ್ತು 1ರ ಮೊತ್ತ. 2 ಎಂದರೆ, ಇಲ್ಲಿ ಹುಟ್ಟುವ ಪ್ರತಿಯೊಂದು ಕಡತವೂ ತಂದವನ ಸ್ವಂತ ಗುಂಪಿಗೆ ಹೋಗದೆ ‘ಕುಟುಂಬ’ದ ಗುಂಪಿಗೇ ಸೇರಲಿ ಎಂಬ ಕಟ್ಟಳೆ. 1 ಎಂದರೆ, ಕಡತವನ್ನು ಅದರ ಒಡೆಯನು, ಫೋಲ್ಡರಿನ ಒಡೆಯನು ಅಥವಾ ಯಂತ್ರದ ಮೇಲ್ವಿಚಾರಕನು ಅಲ್ಲದೆ ಬೇರೆ ಯಾರೂ ಅಳಿಸಬಾರದೆಂಬ ಕಟ್ಟಳೆ. ಮೇಲೆ ಹೇಳಿದ ಉಪಾಯ ಇದೇ. ತಮ್ಮನು ಅಕ್ಕನ ಚಿತ್ರವನ್ನು ನೋಡಬಲ್ಲನು, ತನ್ನದನ್ನು ಸೇರಿಸಬಲ್ಲನು, ಅಕ್ಕನದನ್ನು ಅಳಿಸಲಾರನು.

ಎರಡು ಎಚ್ಚರಿಕೆಗಳನ್ನು ಹೇಳಬೇಕು. ಒಳಗೆ ಹೊಸ ಫೋಲ್ಡರು ಮಾಡಿದಾಗ ಗುಂಪಿನ ಕಟ್ಟಳೆ ತಾನಾಗಿಯೇ ಅದಕ್ಕೂ ಬರುತ್ತದೆ. ಅಳಿಸಬಾರದೆಂಬ ಕಟ್ಟಳೆ ಬರುವುದಿಲ್ಲ. ಆದುದರಿಂದ ವರ್ಷಕ್ಕೊಂದರಂತೆ ಫೋಲ್ಡರುಗಳನ್ನು ಒಬ್ಬನೇ ಮಾಡಿ ಪ್ರತಿಯೊಂದಕ್ಕೂ 3770ನ್ನು ಕೊಡುವುದು ಒಳ್ಳೆಯದು. ಎರಡನೆಯದಾಗಿ, ಚಿತ್ರವನ್ನು ತನ್ನ ಕೋಣೆಯಿಂದ ಚಾವಡಿಗೆ ಸರಿಸುವ ಬದಲು ನಕಲು ಮಾಡಬೇಕು. ಅದೇ ಡಿಸ್ಕಿನೊಳಗೆ ಸರಿಸಿದ ಕಡತವು ತನ್ನ ಹಳೆಯ ಗುಂಪನ್ನೂ ಹಕ್ಕುಗಳನ್ನೂ ಹೊತ್ತುಕೊಂಡೇ ಬರುತ್ತದೆ. ನಕಲಾದರೆ ಹೊಸ ಕಡತವಾಗಿ ಹುಟ್ಟಿ ಚಾವಡಿಯ ಗುಂಪಿಗೆ ಸೇರುತ್ತದೆ. ನಕಲು ತೆರೆಯುವುದನ್ನು ಕಣ್ಣಾರೆ ಕಂಡ ಮೇಲೆ ಹಳೆಯದನ್ನು ತೆಗೆಯಬಹುದು.

ವಿಂಡೋಸ್ ಇರುವ ಯಂತ್ರದಲ್ಲಿ ‘ಪಬ್ಲಿಕ್’ ಎಂಬ ಸಾರ್ವಜನಿಕ ಫೋಲ್ಡರು ಸಿದ್ಧವಾಗಿಯೇ ಇದ್ದು ಅದರೊಳಗೆ ಚಿತ್ರಗಳಿಗೂ ಸ್ಥಳವಿದೆ. ಆಪಲ್ ಸಂಸ್ಥೆಯು 2022ರಲ್ಲಿ ಕುಟುಂಬದವರು ಅಂತರ್ಜಾಲದ ಮೂಲಕ ಹಂಚಿಕೊಳ್ಳುವ ಚಿತ್ರಭಂಡಾರವೊಂದನ್ನು ತಂದಿತು. ಅದರಲ್ಲಿ ಒಟ್ಟು ಆರು ಮಂದಿ ಸೇರಬಹುದು. ಜಾಗದ ಲೆಕ್ಕವೆಲ್ಲ ಅದನ್ನು ಆರಂಭಿಸಿದವರ ಖಾತೆಗೆ ಬೀಳುತ್ತದೆ. ಗೂಗಲ್ ಫೋಟೋಸ್‌ನಲ್ಲಿ ಮಿತಿಯಿಲ್ಲದೆ ಪುಕ್ಕಟೆಯಾಗಿ ಚಿತ್ರ ಇರಿಸುವ ಅವಕಾಶವು 2021ರ ಜೂನ್ 1ರಂದು ಮುಗಿಯಿತು. ಪರರ ಉಗ್ರಾಣದಲ್ಲಿಟ್ಟ ಧಾನ್ಯಕ್ಕೆ ಬಾಡಿಗೆಯ ಕರಾರು ಯಾವಾಗ ಬೇಕಾದರೂ ಬದಲಾಗಬಹುದು. ಮನೆಯ ಯಂತ್ರದಲ್ಲಿ ಒಂದು ಪೂರ್ಣಪ್ರತಿ ಇರಲೇಬೇಕೆಂದು ನಾವು ಹೇಳುವುದು ಇದಕ್ಕಾಗಿಯೇ.

ಚಿತ್ರ ಬೇರೆ, ಪಟ್ಟಿ ಬೇರೆ

ಫೋಲ್ಡರನ್ನು ಹಂಚಿಕೊಂಡ ಮಾತ್ರಕ್ಕೆ ಭಂಡಾರವನ್ನು ಹಂಚಿಕೊಂಡಂತಾಗಲಿಲ್ಲ. ಉಬುಂಟುವಿನೊಡನೆ 2010ರಿಂದ ಬರತೊಡಗಿದ ಶಾಟ್‌ವೆಲ್ ಎಂಬ ಚಿತ್ರವ್ಯವಸ್ಥಾಪಕವನ್ನು ನೋಡೋಣ. ಅದು ಚಿತ್ರಗಳನ್ನು ಫೋಲ್ಡರಿನಲ್ಲಿಡುತ್ತದೆ. ಯಾವ ಚಿತ್ರದಲ್ಲಿ ಯಾರಿದ್ದಾರೆ, ಯಾವುದಕ್ಕೆ ಯಾವ ತಿದ್ದುಪಡಿಯಾಗಿದೆ ಎಂಬ ಪಟ್ಟಿಯನ್ನು ಬಳಸುವವರ ಸ್ವಂತ ಖಾತೆಯೊಳಗೆ ಬೇರೆಯಾಗಿ ಬರೆದಿಡುತ್ತದೆ. ಅಕ್ಕನು ನೂರು ಚಿತ್ರಗಳಿಗೆ ಹೆಸರು ಬರೆದರೂ ತಮ್ಮನು ತನ್ನ ಖಾತೆಯಿಂದ ನೋಡಿದಾಗ ಒಂದು ಹೆಸರೂ ಕಾಣದು. ಗ್ರಂಥಾಲಯದ ಪುಸ್ತಕಗಳೆಲ್ಲ ಎಲ್ಲರ ಕೈಗೆಟಕುವಂತಿದ್ದು, ಪುಸ್ತಕಗಳ ಪಟ್ಟಿ ಮಾತ್ರ ಗ್ರಂಥಪಾಲಕನ ಜೇಬಿನಲ್ಲಿದ್ದಂತೆ.

ಪಟ್ಟಿಯನ್ನೇ ಹಂಚಿಕೊಳ್ಳುವ ಪ್ರಯತ್ನ ಬೇಡ. ಇಬ್ಬರು ಒಂದೇ ವೇಳೆ ತೆರೆದರೆ ಅದು ಕೆಡುವ ಭಯವಿದೆ. ಪಟ್ಟಿ ಅವರವರಿಗೆ ಇರಲಿ. ಹೆಸರುಗಳು ಚಿತ್ರದ ಕಡತದೊಳಗೇ ಸೇರಲಿ. ಶಾಟ್‌ವೆಲ್‌ನ ಆದ್ಯತೆಗಳಲ್ಲಿ ಇದಕ್ಕೆ ಅವಕಾಶವಿದೆ. ನಾವಾಗಿ ಅದನ್ನು ಆರಿಸಿಕೊಳ್ಳಬೇಕಷ್ಟೆ. ಹೀಗೆ ಬರೆದ ಹೆಸರು ಚಿತ್ರದೊಡನೆಯೇ ಇನ್ನೊಂದು ಖಾತೆಗೂ ಇನ್ನೊಂದು ಯಂತ್ರಕ್ಕೂ ಪ್ರಯಾಣ ಮಾಡುತ್ತದೆ. ಹಳೆಯ ಚಿತ್ರದ ಬೆನ್ನ ಮೇಲೆ ಪೆನ್ಸಿಲಿನಿಂದ ಹೆಸರು ಬರೆಯುತ್ತಿದ್ದಂತೆಯೇ ಇದು. ನಮ್ಮ ಕಟ್ಟಳೆಯಂತೆ ಒಬ್ಬರ ಕಡತವನ್ನು ಇನ್ನೊಬ್ಬರು ತಿದ್ದುವುದು ಸುಲಭವಲ್ಲವಾದ ಕಾರಣ, ಚಿತ್ರವನ್ನು ತಂದವನೇ ಹೆಸರನ್ನು ಬರೆದು ಅನಂತರ ಚಾವಡಿಗೆ ಸೇರಿಸತಕ್ಕದ್ದು. ಉಳಿದವರು ತಮ್ಮ ಪಟ್ಟಿಗೆ ಚಿತ್ರಗಳನ್ನು ಸೇರಿಸಿಕೊಳ್ಳುವಾಗ, ‘ನಕಲು ಮಾಡಲೇ, ಇದ್ದಲ್ಲಿಯೇ ಬಿಡಲೇ’ ಎಂಬ ಪ್ರಶ್ನೆಗೆ ‘ಇದ್ದಲ್ಲಿಯೇ’ ಎಂಬ ಉತ್ತರವನ್ನು ಕೊಡಬೇಕು.

ಹೆಸರಿಡುವಲ್ಲಿ ವಿವೇಕ

ಇನ್ನು ಯಾವ ಹೆಸರನ್ನು ಬರೆಯಬೇಕೆಂಬ ಪ್ರಶ್ನೆ. ಮಗನು ‘ಅಜ್ಜ’ ಎಂದು ಬರೆಯುತ್ತಾನೆ; ತಂದೆಗೆ ಅದೇ ವ್ಯಕ್ತಿಯು ಅಪ್ಪ, ಸೊಸೆಗೆ ಮಾವ, ಇನ್ನೊಂದು ಮನೆಯವರಿಗೆ ದೊಡ್ಡಪ್ಪ. ಒಬ್ಬರೇ ನೋಡುವ ಸಂಗ್ರಹದಲ್ಲಿ ಸಂಬಂಧವಾಚಕ ಸಾಕು. ಹಲವರು ನೋಡುವ ಸಂಗ್ರಹದಲ್ಲಿ ಅದು ಹೆಸರೇ ಅಲ್ಲ. ಮೂವತ್ತು ವರ್ಷಗಳ ಮೇಲೆ ‘ಅಜ್ಜ’ ಎಂಬವರು ಮೂವರಾಗುತ್ತಾರೆ. ಆದುದರಿಂದ ವ್ಯಕ್ತಿಯ ಹೆಸರು, ಮನೆಯ ಹೆಸರು, ಊರು ಇವನ್ನೇ ಬರೆಯಬೇಕು. ನಮ್ಮ ಸೀಮೆಯಲ್ಲಿ ಜನರನ್ನು ಮನೆಯ ಹೆಸರಿನಿಂದಲೇ ಗುರುತಿಸುವ ವಾಡಿಕೆಯಿರುವುದು ಇಲ್ಲಿ ಅನುಕೂಲವಾಯಿತು.

ಊರ ಹೆಸರಿನಲ್ಲಿಯೂ ಎಚ್ಚರ ಬೇಕು. ಮನೆಮಾತು ತುಳುವೋ ಹವ್ಯಕ ಕನ್ನಡವೋ ಮಲಯಾಳವೋ ಆಗಿದ್ದು, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳ, ಫೋನಿನಲ್ಲಿ ಇಂಗ್ಲಿಷ್ ಎಂಬಂತಿರುವ ನಾಡು ನಮ್ಮದು. ಒಬ್ಬರು ಮಂಜೇಶ್ವರವೆಂದು ಬರೆದುದನ್ನು ಇನ್ನೊಬ್ಬರು ಮಂಜೇಶ್ವರಂ ಎನ್ನುವರು. ನಮಗೆ ಎರಡೂ ಒಂದೇ. ಅಕ್ಷರಗಳನ್ನಷ್ಟೇ ಹೋಲಿಸುವ ಯಂತ್ರಕ್ಕೆ ಅವು ಎರಡು ಊರುಗಳು. ಯೂನಿಕೋಡ್ ಎಂಬ ಲಿಪಿಸಂಹಿತೆಯಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಸ್ಥಾನವಿದೆ. ಕನ್ನಡದಲ್ಲಿ ಬರೆಯಲು ಯಾವ ಅಡ್ಡಿಯೂ ಇಲ್ಲ. ಮನೆಯವರು ಕುಳಿತು ಊರುಗಳ ಹೆಸರುಗಳನ್ನು ಒಂದೇ ರೂಪದಲ್ಲಿ ಗೊತ್ತುಮಾಡಿಕೊಂಡರೆ ಸಾಕು. ದಿನಾಂಕವನ್ನು 2024-04-14 ಎಂಬಂತೆ ವರ್ಷವನ್ನು ಮೊದಲು ಮಾಡಿ ಬರೆದರೆ ಕಡತಗಳು ತಾವಾಗಿಯೇ ಕಾಲಕ್ರಮದಲ್ಲಿ ನಿಲ್ಲುತ್ತವೆ.

ಕ್ಯಾಮರಾವು ಚಿತ್ರ ತೆಗೆದ ದಿನವನ್ನೂ ವೇಳೆಯನ್ನೂ ಕಡತದೊಳಗೆ ತಾನೇ ಬರೆದಿಡುತ್ತದೆ. ವಾಟ್ಸಾಪಿನಲ್ಲಿ ಚಿತ್ರವಾಗಿ ಕಳುಹಿಸಿದಾಗ ಗಾತ್ರ ಕುಗ್ಗುವುದಲ್ಲದೆ ಈ ಬರಹವೂ ಕಳಚಿಹೋಗುತ್ತದೆ. ಆದಕಾರಣ ಭಂಡಾರಕ್ಕೆ ಸೇರಿಸುವ ಚಿತ್ರವನ್ನು ಫೋನಿನಿಂದ ತಂತಿಯ ಮೂಲಕವೇ ತರತಕ್ಕದ್ದು.

ಭಂಡಾರಿಯ ಕರ್ತವ್ಯ

ಎಲ್ಲರದೂ ಆದ ಕೆಲಸವು ಯಾರದೂ ಅಲ್ಲದಂತಾಗುವುದು ಲೋಕದ ರೀತಿ. ಆದುದರಿಂದ ಮನೆಯಲ್ಲಿ ಒಬ್ಬರನ್ನು ಭಂಡಾರಿಯನ್ನಾಗಿ ಮಾಡಬೇಕು. ಎಂಟನೆಯ ತರಗತಿಯ ವಿದ್ಯಾರ್ಥಿಯಾದರೂ ಅಡ್ಡಿಯಿಲ್ಲ. ಫೋಲ್ಡರಿನ ಒಡೆತನವು ಅವನದು. ತಿಂಗಳಿಗೊಮ್ಮೆ ಹೊರಗಿನ ಡಿಸ್ಕಿನಲ್ಲಿ ಇನ್ನೊಂದು ಪ್ರತಿಯನ್ನು ಮಾಡಿ, ಕೆಲಸ ಮುಗಿದೊಡನೆ ಅದನ್ನು ಯಂತ್ರದಿಂದ ಬಿಡಿಸಿಡುವ ಹೊಣೆಯೂ ಅವನದು. ಸಿಡಿಲು ಮಿಂಚಿನ ನಮ್ಮ ಊರುಗಳಲ್ಲಿ ಯಂತ್ರಕ್ಕೆ ತಗುಲಿಕೊಂಡೇ ಇರುವ ಪ್ರತಿಯನ್ನು ಎರಡನೆಯ ಪ್ರತಿಯೆಂದು ಎಣಿಸಲಾಗದು. ಮೇಲ್ವಿಚಾರಕ ಖಾತೆಯ ಪಾಸ್‌ವರ್ಡನ್ನು ಮನೆಯ ಹಿರಿಯರೊಬ್ಬರ ಬಳಿ ಬರೆದು ಇರಿಸಿರಬೇಕು. ಮೇಲ್ವಿಚಾರಕನೇ ಪರಊರಿಗೆ ಹೋದರೆ ಚಾವಡಿಗೇ ಬೀಗ ಬಿದ್ದಂತಾಗುವುದು.

ಚಾವಡಿಯಲ್ಲಿ ಇಡತಕ್ಕುದಾವುದು, ಇಡಬಾರದ್ದಾವುದು ಎಂಬ ವಿವೇಚನೆಯೂ ಇರಲಿ. ಚಿತ್ರದಲ್ಲಿರುವವರು ಒಪ್ಪದ ಚಿತ್ರವನ್ನು ಅಲ್ಲಿ ಸೇರಿಸಬಾರದು. ಹೆಣ್ಣುಮಕ್ಕಳ ವಿಷಯದಲ್ಲಿಯೂ ರೋಗಿಗಳ ವಿಷಯದಲ್ಲಿಯೂ ಇದು ಮುಖ್ಯ. ನೋಡುವ ಹಕ್ಕು ಕೊಟ್ಟದ್ದು ಹೊರಗೆ ಕಳುಹಿಸುವ ಹಕ್ಕು ಕೊಟ್ಟಂತಲ್ಲ. ಯಂತ್ರದ ಅಂಕೆಗಳು ಅಳಿಸುವವನ ಕೈಯನ್ನು ತಡೆಯಬಲ್ಲವು. ಮರ್ಯಾದೆಯನ್ನು ಮನೆಯವರೇ ಕಾಯಬೇಕು.

ನಮ್ಮ ವಿದ್ಯಾರ್ಥಿಗಳಿಗೆ ಒಂದು ಅಭ್ಯಾಸವನ್ನು ಸೂಚಿಸುತ್ತೇವೆ. ಮನೆಯ ಹಳೆಯ ಆಲ್ಬಮಿನಿಂದ ಹತ್ತು ಚಿತ್ರಗಳನ್ನು ಆರಿಸಿ ಸ್ಕ್ಯಾನ್ ಮಾಡಿರಿ. 6 ಅಂಗುಲ ಉದ್ದ, 4 ಅಂಗುಲ ಅಗಲದ ಚಿತ್ರವನ್ನು ಅಂಗುಲಕ್ಕೆ 300 ಬಿಂದುಗಳಂತೆ ಸ್ಕ್ಯಾನ್ ಮಾಡಿದರೆ ಉದ್ದಕ್ಕೆ ಎಷ್ಟು, ಅಗಲಕ್ಕೆ ಎಷ್ಟು, ಒಟ್ಟು ಎಷ್ಟು ಬಿಂದುಗಳಾಗುವುವೆಂದು ಲೆಕ್ಕ ಹಾಕಿರಿ. ಆಮೇಲೆ ಆ ಚಿತ್ರಗಳನ್ನು ಅಜ್ಜಿಯ ಮುಂದಿಟ್ಟು, ಅವರು ಹೇಳುವ ಹೆಸರುಗಳನ್ನು ಒಂದೂ ಬಿಡದೆ ಬರೆದುಕೊಳ್ಳಿರಿ. ಯಂತ್ರದಲ್ಲಿ ಅಜ್ಜಿಗೆ ಖಾತೆಯಿಲ್ಲ, ಪಾಸ್‌ವರ್ಡಿಲ್ಲ. ಆದರೆ ಹಳೆಯ ಚಿತ್ರಗಳ ಪಟ್ಟಿ ಅವರೊಬ್ಬರ ನೆನಪಿನಲ್ಲಿ ಮಾತ್ರ ಇದೆ, ಅದಕ್ಕೆ ಎರಡನೆಯ ಪ್ರತಿಯಿಲ್ಲ. ಫೋಲ್ಡರು ಕಟ್ಟುವ ಕೆಲಸವು ನಾಳೆಯಾದರೂ ನಡೆದೀತು. ಹೆಸರು ಕೇಳಿ ಬರೆದುಕೊಳ್ಳುವ ಕೆಲಸವು ಈ ರಜೆಯಲ್ಲಿಯೇ ಆಗಲಿ.