ನಾಲ್ಕೂ ಚಕ್ರ ಎಳೆಯುವ ಸ್ಪೋರ್ಟ್ಸ್ ಕಾರು: ಡೋನರ್ ಆರಿಸಲು ಒಂಬತ್ತು ಸೂತ್ರಗಳು

ಬೆಂಗಳೂರಿನ ಪೀಣ್ಯದಿಂದ ನೆಲಮಂಗಲದವರೆಗೆ, ದೊಡ್ಡಬಳ್ಳಾಪುರದಿಂದ ಹೊಸಕೋಟೆಯವರೆಗೆ ಲೇತ್, ಮಿಲ್ಲಿಂಗ್, ವೆಲ್ಡಿಂಗ್ ಬಲ್ಲ ಕೈಗಳಿಗೆ ಕೊರತೆಯಿಲ್ಲ. ಕಾರಿನ ಚೌಕಟ್ಟನ್ನು ಇಲ್ಲೇ ಬೆಸೆಯಬಹುದು. ಎಂಜಿನ್, ಗೇರ್‌ಬಾಕ್ಸ್, ಡಿಫರೆನ್ಷಿಯಲ್, ಹಬ್, ಬ್ರೇಕ್ ಮಾತ್ರ ಯಾವುದಾದರೂ ಹಳೆಯ ಗಾಡಿಯಿಂದ ಬರಬೇಕು. ಅದೇ ಡೋನರ್ ಕಾರು. ಅದನ್ನು ಸರಿಯಾಗಿ ಆರಿಸಿದರೆ ಅರ್ಧ ಕೆಲಸ ಮುಗಿದಂತೆ. ಆರಿಸುವುದು ಹೀಗೆ:

1. ಹಾರ್ಸ್‌ಪವರ್ ಮೋಹ ಬಿಡಿ.
1980ರಲ್ಲಿ ಬಂದ ಆಡಿ ಕ್ವಾಟ್ರೋ ರ‍್ಯಾಲಿ ಲೋಕವನ್ನೇ ಬದಲಿಸಿತು. ಅದರ ಬೀಜ ಫೋಕ್ಸ್‌ವ್ಯಾಗನ್ ಇಲ್ಟಿಸ್ ಎಂಬ ಸೇನಾ ಜೀಪು. 75 ಅಶ್ವಶಕ್ತಿಯ ಆ ಜೀಪು ಹಿಮದ ಮೇಲೆ ತನಗಿಂತ ಬಲವಾದ ಕಾರುಗಳನ್ನು ಹಿಂದಿಕ್ಕಿದ್ದು ಎಂಜಿನಿಯರ್‌ಗಳ ಕಣ್ಣು ತೆರೆಸಿತು. ನೀವೂ ಮೊದಲು ನೋಡಬೇಕಾದದ್ದು ಶಕ್ತಿ ಎಷ್ಟಿದೆ ಎಂದಲ್ಲ, ನಾಲ್ಕು ಚಕ್ರಕ್ಕೆ ಯಾವ ದಾರಿಯಲ್ಲಿ ಹೋಗುತ್ತದೆ ಎಂದು. ಬಾಡಿ, ಸೀಟು, ಗಾಜು ಕಳಚಿ 800 ಕಿಲೋ ತೂಕದ ಕಾರು ಕಟ್ಟಿದರೆ 120 ಅಶ್ವಶಕ್ತಿಯೂ ಟನ್ನಿಗೆ 150ರಂತೆ ಸಿಗುತ್ತದೆ. ಅದು ಸಣ್ಣ ಶಕ್ತಿಯಲ್ಲ.

2. ಎಲ್ಲಿ ಓಡಿಸುತ್ತೀರಿ ಎಂದು ಮೊದಲೇ ತೀರ್ಮಾನಿಸಿ.
1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದಂತೆ ವಾಹನ ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಹಾಗಾಗಿ ಮನೆಯಲ್ಲಿ ಕಟ್ಟಿದ ಕಾರನ್ನು ನಂದಿ ಬೆಟ್ಟದ ರಸ್ತೆಗೆ ಇಳಿಸುವ ಕನಸು ಬೇಡ. ಟ್ರೈಲರ್ ಮೇಲೆ ಹೇರಿ ಚೆನ್ನೈ ಬಳಿಯ ಇರುಂಗಾಟ್ಟುಕೋಟೈಗೋ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೋ ಒಯ್ಯಿರಿ, ಇಲ್ಲವೇ ಅನುಮತಿ ಪಡೆದ ಖಾಸಗಿ ಮಣ್ಣಿನ ಟ್ರ್ಯಾಕಿನಲ್ಲಿ ಓಡಿಸಿ. ಡಾಂಬರಿಗೋ ಕೆಂಪು ಮಣ್ಣಿಗೋ ಎಂಬುದರ ಮೇಲೆ ಡೋನರ್ ಬದಲಾಗುತ್ತದೆ.

3. ಸೆಂಟರ್ ಡಿಫರೆನ್ಷಿಯಲ್ ಇದೆಯೇ ನೋಡಿ.
ಗಾಡಿ ತಿರುಗುವಾಗ ಹೊರಗಿನ ಎತ್ತು ಒಳಗಿನದಕ್ಕಿಂತ ಹೆಚ್ಚು ನಡೆಯುತ್ತದಲ್ಲ, ಹಾಗೆಯೇ ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಹೋಗುತ್ತವೆ. ಆ ವ್ಯತ್ಯಾಸವನ್ನು ನುಂಗುವುದು ಸೆಂಟರ್ ಡಿಫರೆನ್ಷಿಯಲ್. ಅದಿಲ್ಲದ ಪಾರ್ಟ್ ಟೈಮ್ ಫೋರ್‌ವೀಲ್ ಡ್ರೈವ್ ಮಣ್ಣಿನಲ್ಲಿ ಚಕ್ರ ಜಾರಿಸಿ ಹೊಂದಿಕೊಳ್ಳುತ್ತದೆ. ಒಣ ಡಾಂಬರಿನಲ್ಲಿ ಶಾಫ್ಟ್‌ಗಳು ತಿರುಚಿ ಬಿಗಿದುಕೊಳ್ಳುತ್ತವೆ, ಕಾರು ತಿರುಗಲು ಒಪ್ಪುವುದಿಲ್ಲ. ಡಾಂಬರಿನ ಟ್ರ್ಯಾಕ್ ಕಾರಿಗೆ ಸೆಂಟರ್ ಡಿಫರೆನ್ಷಿಯಲ್ ಇಲ್ಲದೆ ಆಗದು.

4. ಎಂಜಿನ್ ಉದ್ದಕ್ಕೆ ಕೂತಿದೆಯೋ, ಅಡ್ಡಕ್ಕೋ?
ಉದ್ದಕ್ಕೆ ಕೂತ ಎಂಜಿನ್ನಿಂದ ಗೇರ್‌ಬಾಕ್ಸ್, ಪ್ರೊಪೆಲ್ಲರ್ ಶಾಫ್ಟ್ ಎಲ್ಲವೂ ಕಾರಿನ ನಡುವಿನಲ್ಲಿ ನೇರ ಸಾಲಾಗುತ್ತವೆ; ಚೌಕಟ್ಟು ಕಟ್ಟುವುದು ಸುಲಭ. ಹೋಂಡಾ ಸಿಆರ್‌ವಿ, ರೆನೋ ಡಸ್ಟರ್ ಎಡಬ್ಲ್ಯುಡಿಯಂಥವುಗಳಲ್ಲಿ ಎಂಜಿನ್ ಅಡ್ಡಕ್ಕಿದೆ. ಸಾಮಾನ್ಯವಾಗಿ ಮುಂದಿನ ಚಕ್ರಗಳೇ ಎಳೆಯುತ್ತವೆ, ಬೇಕಾದಾಗ ಮಾತ್ರ ಕ್ಲಚ್ಚಿನ ಮೂಲಕ ಹಿಂದಕ್ಕೆ ಶಕ್ತಿ ಹೋಗುತ್ತದೆ. ಇಡೀ ಜೋಡಣೆಯನ್ನು ತಿರುಗಿಸಿ ಸೀಟಿನ ಹಿಂದೆ ಕೂರಿಸೋಣ ಎನ್ನುವವರು ನೆನಪಿಡಿ: ಆಗ ಚಕ್ರಗಳೂ ಉಲ್ಟಾ ತಿರುಗುತ್ತವೆ, ಮುಂದಕ್ಕೆ ಹೋಗಲು ರಿವರ್ಸ್ ಗೇರ್ ಒಂದೇ ಉಳಿಯುತ್ತದೆ.

5. ನಮ್ಮ ಮಾರುಕಟ್ಟೆಯ ಮೂರು ಗಾಡಿ ತೂಗಿ ನೋಡಿ.

• ಮಾರುತಿ ಜಿಪ್ಸಿ: 1985ರಿಂದ ಬಂದದ್ದು. ಸುಮಾರು ಒಂದು ಟನ್ ತೂಕ, ಮೊದಲು 1.0, ನಂತರ 1.3 ಲೀಟರ್ ಎಂಜಿನ್. ಶಕ್ತಿಯನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸ್ ಗೇರ್‌ಬಾಕ್ಸಿನಿಂದ ಬೇರೆಯಾಗಿ ಕೂತಿರುವುದು ದೊಡ್ಡ ಅನುಕೂಲ; ಬೇರೆ ಎಂಜಿನ್, ಗೇರ್‌ಬಾಕ್ಸಿಗೂ ಜೋಡಿಸಬಹುದು. ಆದರೆ ಸೆಂಟರ್ ಡಿಫರೆನ್ಷಿಯಲ್ ಇಲ್ಲ. ಎರಡೂ ಕಡೆ ಲೈವ್ ಆಕ್ಸಲ್, ಲೀಫ್ ಸ್ಪ್ರಿಂಗ್. ಮಣ್ಣಿಗೆ ಉತ್ತಮ, ಡಾಂಬರಿಗೆ ಬೇಡ.

• ಹಳೆಯ ಗ್ರ್ಯಾಂಡ್ ವಿಟಾರ: 2007ರಿಂದ ಆಮದಾಗಿ ಬಂದ, ಮೊದಲು 2.0, ನಂತರ 2.4 ಲೀಟರ್ ಪೆಟ್ರೋಲ್ ಗಾಡಿ. ಎಂಜಿನ್ ಉದ್ದಕ್ಕಿದೆ, ಸದಾ ನಾಲ್ಕೂ ಚಕ್ರ ಎಳೆಯುತ್ತದೆ, ಸೆಂಟರ್ ಡಿಫರೆನ್ಷಿಯಲ್ ಇದೆ, ನಾಲ್ಕೂ ಕಡೆ ಇಂಡಿಪೆಂಡೆಂಟ್ ಸಸ್ಪೆನ್ಷನ್. ಟ್ರ್ಯಾಕ್ ಕಾರಿಗೆ ನನ್ನ ಮೊದಲ ಆಯ್ಕೆ ಇದೇ. 2022ರಲ್ಲಿ ಅದೇ ಹೆಸರಲ್ಲಿ ಬಂದದ್ದು ಬೇರೆಯೇ ಗಾಡಿ, ಮೋಸಹೋಗಬೇಡಿ.

• ಷೆವ್ರೊಲೆ ಫಾರೆಸ್ಟರ್: ಜನರಲ್ ಮೋಟಾರ್ಸ್ 2000ರ ದಶಕದಲ್ಲಿ ಇಲ್ಲಿ ಮಾರಿದ ಸುಬಾರು. ತಗ್ಗಾಗಿ ಮಲಗಿದ ಬಾಕ್ಸರ್ ಎಂಜಿನ್, ಸುಮಾರು 120 ಅಶ್ವಶಕ್ತಿ, ಸದಾ ಫೋರ್‌ವೀಲ್ ಡ್ರೈವ್. ಸ್ಪೋರ್ಟ್ಸ್ ಕಾರಿಗೆ ಹೇಳಿ ಮಾಡಿಸಿದ ಜೋಡಣೆ. ಗಾಡಿಯೂ ಅಪರೂಪ, ಬಿಡಿಭಾಗವೂ ಅಪರೂಪ.

6. ಟೇಪ್ ಹಿಡಿದು ಹೋಗಿ.
ಎಸ್‌ಯುವಿಗಳಲ್ಲಿ ಎಂಜಿನ್ ಎತ್ತರದಲ್ಲಿ ನಿಂತಿರುತ್ತದೆ, ಅದರ ತಳದ ಬಳಿ ಮುಂದಿನ ಡಿಫರೆನ್ಷಿಯಲ್ ಜಾಗ ಹಿಡಿದಿರುತ್ತದೆ. ಆಯಿಲ್ ಸಂಪಿನ ತಳದಿಂದ ಎಂಜಿನ್ನಿನ ತುದಿಯವರೆಗೆ ಅಳೆಯಿರಿ. ನಿಮ್ಮ ಬಾನೆಟ್ಟಿನ ಎತ್ತರ ನಿರ್ಧರಿಸುವುದು ಅದೇ. ಎರಡು ಚಕ್ರಗಳ ನಡುವಿನ ಅಗಲವನ್ನೂ ಬರೆದುಕೊಳ್ಳಿ, ಅದನ್ನು ಬದಲಿಸಬೇಡಿ. ಪ್ರೊಪೆಲ್ಲರ್ ಶಾಫ್ಟ್ ಕತ್ತರಿಸಿ ಬ್ಯಾಲೆನ್ಸ್ ಮಾಡಿಸುವುದು ಸಲೀಸು. ಚಕ್ರದ ಡ್ರೈವ್ ಶಾಫ್ಟ್ ಹೊಸದಾಗಿ ಮಾಡಿಸುವುದು ದುಬಾರಿ, ಅಪಾಯವೂ ಹೆಚ್ಚು.

7. ಓಡುವ ಇಡೀ ಗಾಡಿಯನ್ನೇ ಕೊಳ್ಳಿ.
ಶಿವಾಜಿನಗರದ ಗುಜರಿಯಲ್ಲಿ ಎಂಜಿನ್ ಒಂದು ಕಡೆ, ಗೇರ್‌ಬಾಕ್ಸ್ ಇನ್ನೊಂದು ಕಡೆ ಅಗ್ಗಕ್ಕೆ ಸಿಗಬಹುದು. ಆದರೆ ಮುಂದಿನ, ಹಿಂದಿನ ಡಿಫರೆನ್ಷಿಯಲ್‌ಗಳ ಅನುಪಾತ ಒಂದೇ ಇರಬೇಕು. ಎಂಜಿನ್ ನಿಯಂತ್ರಿಸುವ ಇಸಿಯು, ಕಳ್ಳತನ ತಡೆಯುವ ಇಮ್ಮೊಬಿಲೈಸರ್, ಕೀ ಒಂದಕ್ಕೊಂದು ಗುರುತು ಹಿಡಿಯಬೇಕು. ವೈರಿಂಗ್, ಮೀಟರ್, ಆಕ್ಸಿಲರೇಟರ್ ಪೆಡಲ್ ಕೂಡ ಅದೇ ಗಾಡಿಯದಾದರೆ ತಿಂಗಳುಗಟ್ಟಲೆ ಕೆಲಸ ಉಳಿಯುತ್ತದೆ. ಕೊಳ್ಳುವ ಮೊದಲು ಜೆ.ಸಿ. ರಸ್ತೆಯಲ್ಲಿ ಕ್ಲಚ್, ಬೇರಿಂಗ್, ಆಯಿಲ್ ಸೀಲ್ ಸಿಗುತ್ತವೆಯೇ ವಿಚಾರಿಸಿ.

8. ಬಾಡಿ ಬಿಡಿ, ಕೆಳಗೆ ಬಗ್ಗಿ ನೋಡಿ.
ಬಾಗಿಲು ನೆಗ್ಗಿದ್ದರೆ, ಬಣ್ಣ ಹೋಗಿದ್ದರೆ ಚೌಕಾಸಿಗೆ ಒಳ್ಳೆಯದೇ ಆಯಿತು. ಖಾಲಿ ಮೈದಾನದಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿ ನಿಧಾನ ಸುತ್ತು ಹಾಕಿ. ಟಕಟಕ ಸದ್ದು ಬಂದರೆ ಡ್ರೈವ್ ಶಾಫ್ಟಿನ ಜಾಯಿಂಟ್ ಸವೆದಿದೆ. ಸೆಂಟರ್ ಡಿಫರೆನ್ಷಿಯಲ್ ಇರುವ ಗಾಡಿ ಹಿಡಿದು ಹಿಡಿದು ಸಾಗಿದರೆ ಅದರ ಮೇಲೆ ಅನುಮಾನಪಡಿ. ನಾಲ್ಕೂ ಟೈರು ಒಂದೇ ಅಳತೆ, ಒಂದೇ ಸವೆತದಲ್ಲಿರಬೇಕು. ಇಲ್ಲದಿದ್ದರೆ ಒಳಗಿನ ಗೇರುಗಳೂ ಸವೆದಿರಬಹುದು. ಡಿಫರೆನ್ಷಿಯಲ್ ಆಯಿಲ್ ತುಸು ಇಳಿಸಿ ನೋಡಿ. ಲೋಹದ ಚೂರು ಕಂಡರೆ ಬೇಡ, ಹಾಲಿನ ಬಣ್ಣವಿದ್ದರೆ ನೀರು ಹೊಕ್ಕಿದೆ. 2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಂಗಳೂರಿನ ಪೂರ್ವ ಭಾಗದಲ್ಲಿ ಎಷ್ಟೋ ಕಾರು ಮುಳುಗಿದವು. ಕಾರ್ಪೆಟ್ ಎತ್ತಿ ಕೆಸರಿನ ಗುರುತು ಹುಡುಕಿ.

9. ಕಾಗದಪತ್ರ ಸರಿಯಿಲ್ಲದ ಗಾಡಿ ಎಷ್ಟೇ ಅಗ್ಗವಾದರೂ ಬೇಡ.
ಆರ್‌ಸಿಯಲ್ಲಿರುವ ಎಂಜಿನ್, ಷಾಸಿ ನಂಬರನ್ನು ಗಾಡಿಯ ಮೇಲೆ ಕೆತ್ತಿದ್ದರೊಂದಿಗೆ ಹೋಲಿಸಿ. ಬ್ಯಾಂಕ್ ಸಾಲ ತೀರಿದ ದಾಖಲೆ ಕೇಳಿ, ಮೊದಲು ನಿಮ್ಮ ಹೆಸರಿಗೆ ವರ್ಗಾಯಿಸಿಕೊಳ್ಳಿ. ಕಳಚುವ ಮುನ್ನ ಗಾಡಿ ನೋಂದಣಿಯಾಗಿರುವ ಆರ್‌ಟಿಒದಲ್ಲಿ, ಕೆಎ–43 ಆದರೆ ದೇವನಹಳ್ಳಿ, ಕೆಎ–52 ಆದರೆ ನೆಲಮಂಗಲ, ನೋಂದಣಿ ರದ್ದತಿಯ ಕ್ರಮ ಕೇಳಿ ಅದರಂತೆ ನಡೆಯಿರಿ. ಹಳೆಯ ನಂಬರ್ ಪ್ಲೇಟನ್ನು ಹೊಸ ಕಾರಿಗೆ ಹಾಕುವುದು ಅಪರಾಧ.

ಕೊನೆಗೆ ಎರಡು ಗಾಡಿಗಳ ನಡುವೆ ಮನಸ್ಸು ತೂಗಾಡಿದರೆ ಶಕ್ತಿ ಕಡಿಮೆಯಿದ್ದರೂ ನೇರ ಜೋಡಣೆಯ, ಬಿಡಿಭಾಗ ಸಿಗುವ, ಕಾಗದ ಸರಿಯಿರುವ ಗಾಡಿಯನ್ನೇ ಆರಿಸಿ. ಎಂಜಿನ್ನಿಗೆ ಬಲ ತುಂಬುವುದು ಮುಂದೆಯೂ ಆಗುವ ಕೆಲಸ. ಗೇರ್‌ಬಾಕ್ಸ್, ಡಿಫರೆನ್ಷಿಯಲ್ ಬದಲಿಸಲು ಹೊರಟರೆ ಚೌಕಟ್ಟನ್ನೇ ಮತ್ತೆ ಕತ್ತರಿಸಬೇಕಾಗುತ್ತದೆ.