ಮಿತ್ರವೀರರ ಕಾಳಗ: ಅಮೆರಿಕದ ಕಾಮಿಕ್ಸ್ ಕಥೆಗಳ ಒಂದು ವಿವೇಚನೆ

ವೀರನು ದುಷ್ಟನೊಡನೆ ಹೋರಾಡುವಾಗ ಓದುಗನಿಗೆ ಸಂದೇಹವಿರುವುದಿಲ್ಲ. ಜಯ ಯಾರಿಗೆ ಸಲ್ಲಬೇಕೆಂಬುದು ಮೊದಲ ಪುಟದಲ್ಲಿಯೇ ನಿಶ್ಚಿತವಾಗಿರುತ್ತದೆ. ಆದರೆ ಒಂದೇ ಧ್ಯೇಯಕ್ಕೆ ಬಾಳನ್ನು ಮುಡಿಪಾಗಿಟ್ಟ ಇಬ್ಬರು ಸಜ್ಜನರು ಪರಸ್ಪರ ಕೈಯೆತ್ತಿದಾಗ ಆ ನಿಶ್ಚಯವು ಅಲುಗಾಡುತ್ತದೆ. ಗಯನೆಂಬ ಗಂಧರ್ವನಿಗೆ ಅಭಯವಿತ್ತ ಅರ್ಜುನನು ಶ್ರೀಕೃಷ್ಣನಿಗೇ ಇದಿರಾಗಿ ನಿಲ್ಲುವ ‘ಕೃಷ್ಣಾರ್ಜುನ ಕಾಳಗ’ವನ್ನು ಯಕ್ಷಗಾನದಲ್ಲಿ ಕಂಡವರಿಗೆ ಈ ಅನುಭವ ಹೊಸದಲ್ಲ. ಇಂತಹದೇ ಸನ್ನಿವೇಶವು ಅಮೆರಿಕದ ಕಾಮಿಕ್ಸ್ ಪುಸ್ತಕಗಳಲ್ಲಿ ಸ್ವತಂತ್ರವಾಗಿ ಹುಟ್ಟಿ ಬೆಳೆದ ಬಗೆಯು ಅಧ್ಯಯನಕ್ಕೆ ಯೋಗ್ಯವಾದುದು.

ಸೂಪರ್‌ಮ್ಯಾನ್ 1938ರಲ್ಲಿಯೂ ಬ್ಯಾಟ್‌ಮ್ಯಾನ್ 1939ರಲ್ಲಿಯೂ ಮೊದಲು ಪ್ರಕಟವಾದರು. ಆಗ ಒಬ್ಬೊಬ್ಬ ವೀರನಿಗೂ ಅವನದೇ ಆದ ಕಥಾಲೋಕವಿದ್ದಿತು. ಒಂದು ಮಾಲಿಕೆಯ ನಾಯಕನು ಮತ್ತೊಂದು ಮಾಲಿಕೆಯ ನಾಯಕನನ್ನು ಸಂಧಿಸುವ ಕಥೆಗೆ ಅಲ್ಲಿ ‘ಕ್ರಾಸ್‌ಓವರ್’ ಎಂದು ಹೆಸರು. ಇದರ ಪ್ರಸಿದ್ಧವಾದ ಆದಿಯು 1940ರ ‘ಮಾರ್ವೆಲ್ ಮಿಸ್ಟರಿ ಕಾಮಿಕ್ಸ್’ ಪತ್ರಿಕೆಯಲ್ಲಿ ದೊರೆಯುತ್ತದೆ. ಕಾರ್ಲ್ ಬರ್ಗೋಸ್ ಸೃಷ್ಟಿಸಿದ ಹ್ಯೂಮನ್ ಟಾರ್ಚ್ ಬೆಂಕಿಯ ವೀರ. ಬಿಲ್ ಎವೆರೆಟ್ ಸೃಷ್ಟಿಸಿದ ಸಬ್‌ಮರೀನರ್ ಕಡಲಿನ ವೀರ. ಅಗ್ನಿಯೂ ಜಲವೂ ಸಂಧಿಸಿದಂತೆ ಇವರಿಬ್ಬರೂ ನ್ಯೂಯಾರ್ಕ್ ನಗರದಲ್ಲಿ ಕಾದಾಡಿದರು. ಯಾರೂ ಗೆಲ್ಲಲಿಲ್ಲ, ಯಾರೂ ಸೋಲಲಿಲ್ಲ. ಮುಂದೆ ಎರಡನೆಯ ಮಹಾಯುದ್ಧದ ಕಾಲದ ಕಥೆಗಳಲ್ಲಿ ಇವರೇ ಒಂದೇ ಪಕ್ಷದಲ್ಲಿ ನಿಂತು ಶತ್ರುಗಳನ್ನು ಎದುರಿಸಿದರು.

ತಪ್ಪು ತಿಳಿವಳಿಕೆಯ ಕಾಳಗ

ಈ ಬಗೆಯ ಕಥೆಗಳನ್ನು ಎರಡು ವರ್ಗಗಳಾಗಿ ವಿಂಗಡಿಸಬಹುದು. ಮೊದಲನೆಯದು ತಪ್ಪು ತಿಳಿವಳಿಕೆಯಿಂದ ಹುಟ್ಟುವ ಕಾಳಗ. 1963ರಲ್ಲಿ ಸ್ಪೈಡರ್‌ಮ್ಯಾನ್ ತನ್ನ ಸ್ವಂತ ಮಾಲಿಕೆಯ ಮೊದಲ ಸಂಚಿಕೆಯಲ್ಲಿಯೇ ‘ಫೆಂಟಾಸ್ಟಿಕ್ ಫೋರ್’ ಎಂಬ ನಾಲ್ವರು ವೀರರ ನಿವಾಸವನ್ನು ಹೇಳದೆ ಕೇಳದೆ ಹೊಕ್ಕು ಅವರೊಡನೆ ಸೆಣಸುತ್ತಾನೆ. ಆ ಬಡ ಹುಡುಗ ಬಂದದ್ದು ಯುದ್ಧಕ್ಕಲ್ಲ, ಸಂಬಳದ ಕೆಲಸ ಕೇಳಲು! ಅಲ್ಲಿ ಸಂಬಳವಿಲ್ಲವೆಂದು ತಿಳಿದೊಡನೆ ಹೊರಟುಹೋಗುತ್ತಾನೆ. 1973ರಲ್ಲಿ ಸ್ಟೀವ್ ಎಂಗಲ್‌ಹಾರ್ಟ್ ತಾನು ಬರೆಯುತ್ತಿದ್ದ ‘ಅವೆಂಜರ್ಸ್’ ಮತ್ತು ‘ಡಿಫೆಂಡರ್ಸ್’ ಎಂಬ ಎರಡು ಮಾಲಿಕೆಗಳನ್ನು ಹೆಣೆದು ಕಥೆ ರಚಿಸಿದಾಗ, ಲೋಕಿ ಮತ್ತು ಡೋರ್ಮಾಮು ಎಂಬ ಖಳರ ಕಪಟವೇ ಎರಡು ಬಣಗಳ ವೈರಕ್ಕೆ ಕಾರಣವಾಯಿತು.

1976ರಲ್ಲಿ ಸ್ಪರ್ಧಿಗಳಾದ ಡಿಸಿ ಮತ್ತು ಮಾರ್ವೆಲ್ ಪ್ರಕಾಶನಗಳು ಒಟ್ಟುಗೂಡಿ ಸೂಪರ್‌ಮ್ಯಾನ್ ಮತ್ತು ಸ್ಪೈಡರ್‌ಮ್ಯಾನರನ್ನು ಒಂದೇ ಪುಸ್ತಕದಲ್ಲಿ ತಂದವು. ಬಲದಲ್ಲಿ ಇವರಿಬ್ಬರಿಗೂ ಅಜಗಜಾಂತರ. ಆದುದರಿಂದ ಲೇಖಕ ಜೆರಿ ಕಾನ್ವೇ ಒಂದು ಉಪಾಯವನ್ನು ಮಾಡಿದನು. ಖಳನಾದ ಲೆಕ್ಸ್ ಲೂಥರನು ವಿಶಿಷ್ಟ ಕಿರಣಗಳನ್ನು ಹಾಯಿಸಿ ಸ್ಪೈಡರ್‌ಮ್ಯಾನನಿಗೆ ಕ್ಷಣಕಾಲ ಸಮಬಲವನ್ನು ಕೊಡುತ್ತಾನೆ. ಆ ಪ್ರಭಾವ ಇಳಿದ ಮೇಲೆ ಇಬ್ಬರಿಗೂ ನಿಜಸ್ಥಿತಿ ತಿಳಿದು ಸ್ನೇಹ ಬೆಳೆಯುತ್ತದೆ.

ಸಂಧಿಸುವುದು, ತಪ್ಪಾಗಿ ತಿಳಿಯುವುದು, ಕಾದಾಡುವುದು, ತಿಳಿದು ಒಂದಾಗುವುದು: ಈ ಸೂತ್ರಕ್ಕೆ ವ್ಯಾಪಾರದ ಕಾರಣವೂ ಉಂಟು. ಒಂದು ಮಾಲಿಕೆಯ ಓದುಗನು ಮತ್ತೊಂದನ್ನು ಕೊಳ್ಳುತ್ತಾನೆ. ಯಾರು ಹೆಚ್ಚು ಬಲಶಾಲಿಯೆಂಬ ಅವನ ಕುತೂಹಲವೂ ತಣಿಯುತ್ತದೆ. ಯಾವ ನಾಯಕನ ಕೀರ್ತಿಗೂ ಕಳಂಕ ತಟ್ಟುವುದಿಲ್ಲ. 1996ರಲ್ಲಿ ಎರಡೂ ಸಂಸ್ಥೆಗಳು ಮತ್ತೆ ಒಂದಾದಾಗ ಐದು ಕಾಳಗಗಳ ಫಲಿತಾಂಶವನ್ನು ಓದುಗರ ಮತಕ್ಕೇ ಬಿಟ್ಟವು. ಅಲ್ಲಿ ಗೆದ್ದುದು ಜನಪ್ರಿಯತೆ. ಪಾತ್ರದ ಗುಣಕ್ಕಾಗಲಿ ಕಥೆಯ ನ್ಯಾಯಕ್ಕಾಗಲಿ ಅಲ್ಲಿ ಎಡೆಯಿರಲಿಲ್ಲ.

ನಂಬಿಕೆಗಳ ಕಾಳಗ

ಎರಡನೆಯ ವರ್ಗದಲ್ಲಿ ಸತ್ಯ ತಿಳಿದ ಮೇಲೂ ಕಾಳಗ ನಿಲ್ಲುವುದಿಲ್ಲ. ಕೃಷ್ಣನ ಪ್ರತಿಜ್ಞೆ ತಿಳಿದ ಬಳಿಕವೂ ಅರ್ಜುನನು ಕೊಟ್ಟ ಅಭಯವನ್ನು ಹಿಂತೆಗೆದುಕೊಳ್ಳನು. ಎರಡು ಕರ್ತವ್ಯಗಳು ಮುಖಾಮುಖಿಯಾಗುತ್ತವೆ. 1986ರಲ್ಲಿ ಫ್ರ್ಯಾಂಕ್ ಮಿಲ್ಲರ್ ರಚಿಸಿದ ‘ದಿ ಡಾರ್ಕ್ ನೈಟ್ ರಿಟರ್ನ್ಸ್’ ಈ ಮಾರ್ಗದ ಮುಖ್ಯ ಕೃತಿ. ವೃದ್ಧಾಪ್ಯದ ಹೊಸ್ತಿಲಲ್ಲಿರುವ ಬ್ಯಾಟ್‌ಮ್ಯಾನ್ ಕಾನೂನನ್ನು ಮೀರಿಯಾದರೂ ತನ್ನ ನಗರವನ್ನು ಕಾಯಲು ಮರಳಿ ಬರುತ್ತಾನೆ. ಸೂಪರ್‌ಮ್ಯಾನ್ ಸರ್ಕಾರದ ಆಜ್ಞೆಗೆ ತಲೆಬಾಗಿ ಅವನನ್ನು ತಡೆಯಲು ಬರುತ್ತಾನೆ. ಇಬ್ಬರೂ ಹಳೆಯ ಮಿತ್ರರು, ಒಬ್ಬರನ್ನೊಬ್ಬರು ಚೆನ್ನಾಗಿ ಬಲ್ಲವರು. ಬ್ಯಾಟ್‌ಮ್ಯಾನನ ಉದ್ದೇಶ ಮಿತ್ರನನ್ನು ಕೊಲ್ಲುವುದಲ್ಲ, ಎಚ್ಚರಿಸುವುದು.

2006–2007ರಲ್ಲಿ ಮಾರ್ಕ್ ಮಿಲರ್ ಬರೆದು ಸ್ಟೀವ್ ಮೆಕ್‌ನಿವೆನ್ ಚಿತ್ರಿಸಿದ ಏಳು ಸಂಚಿಕೆಗಳ ‘ಸಿವಿಲ್ ವಾರ್’ ಈ ಸಮಸ್ಯೆಯನ್ನು ಇಡೀ ವೀರಸಮುದಾಯಕ್ಕೆ ವಿಸ್ತರಿಸಿತು. ಟೆಲಿವಿಷನ್ ಕಾರ್ಯಕ್ರಮಕ್ಕಾಗಿ ಖಳರನ್ನು ಹಿಡಿಯಹೊರಟ ತರುಣ ವೀರರ ದುಡುಕಿನಿಂದ ಸ್ಟ್ಯಾಮ್‌ಫರ್ಡ್ ಪಟ್ಟಣದಲ್ಲಿ ಸ್ಫೋಟವಾಗಿ, ಶಾಲೆಯ ಮಕ್ಕಳೂ ಸೇರಿದಂತೆ ನೂರಾರು ಜನ ಸಾಯುತ್ತಾರೆ. ಅತಿಮಾನುಷ ಶಕ್ತಿಯುಳ್ಳವರೆಲ್ಲರೂ ತಮ್ಮ ನಿಜನಾಮವನ್ನು ಸರ್ಕಾರದಲ್ಲಿ ನೋಂದಾಯಿಸಬೇಕೆಂಬ ಕಾನೂನು ಬರುತ್ತದೆ. ಶಕ್ತಿಗೆ ಹೊಣೆ ಬೇಕೆಂದು ಐರನ್‌ಮ್ಯಾನ್ ಅದನ್ನು ಎತ್ತಿಹಿಡಿಯುತ್ತಾನೆ; ವೀರನ ಸ್ವಾತಂತ್ರ್ಯವನ್ನು ಅಧಿಕಾರಿಗಳ ಕೈಗೆ ಒಪ್ಪಿಸಲಾಗದೆಂದು ಕ್ಯಾಪ್ಟನ್ ಅಮೆರಿಕ ವಿರೋಧಿಸುತ್ತಾನೆ. ನಡುವೆ ಸಿಕ್ಕಿದ ಸ್ಪೈಡರ್‌ಮ್ಯಾನ್ ಮೊದಲು ಲೋಕದ ಮುಂದೆ ಮುಖವಾಡ ಕಳಚಿ ಕಾನೂನಿನ ಪಕ್ಷ ಸೇರುತ್ತಾನೆ. ಅದರ ನಡತೆಯನ್ನು ಕಣ್ಣಾರೆ ಕಂಡು ಬಳಿಕ ಪಕ್ಷ ಬದಲಿಸುತ್ತಾನೆ.

ಈ ಕೃತಿಯಲ್ಲಿ ದೋಷವಿಲ್ಲದಿಲ್ಲ. ಕಾನೂನಿನ ಪಕ್ಷದವರು ವಿಚಾರಣೆಯಿಲ್ಲದೆ ಸೆರೆಯಲ್ಲಿಡುತ್ತಾರೆ, ಖಳರನ್ನೇ ಕೂಲಿಗೆ ಹಿಡಿಯುತ್ತಾರೆ. ಹೀಗಾಗಿ ತಕ್ಕಡಿಯು ಒಂದು ಕಡೆಗೆ ವಾಲಿ, ಎರಡು ನ್ಯಾಯಗಳ ಸಮತೂಕ ಕೆಡುತ್ತದೆ. ಆದರೆ ಅದರ ಅಂತ್ಯವು ಸ್ಮರಣೀಯವಾದುದು. ಗೆಲುವು ಕೈಗೆಟುಕಿದ ಗಳಿಗೆಯಲ್ಲಿ ಕ್ಯಾಪ್ಟನ್ ಅಮೆರಿಕನನ್ನು ಸಾಮಾನ್ಯ ನಾಗರಿಕರು ಮುತ್ತಿ ಹಿಡಿಯುತ್ತಾರೆ. ತಾವು ಕಾಯಬೇಕಾಗಿದ್ದ ನಗರವನ್ನು ತಾವೇ ಹಾಳುಗೆಡವಿರುವುದನ್ನು ಕಂಡು ಅವನು ಶರಣಾಗುತ್ತಾನೆ. ಅವನು ಸೋತದ್ದು ಎದುರಾಳಿಯ ಬಲಕ್ಕಲ್ಲ, ತನ್ನ ಅಂತಃಸಾಕ್ಷಿಗೆ. 2016ರಲ್ಲಿ ಇದೇ ವಸ್ತುವಿನಿಂದ ಪ್ರೇರಿತವಾದ ಚಲನಚಿತ್ರದಲ್ಲಿ ಕಾನೂನಿನ ವಿವಾದವು ಕೊನೆಗೆ ತಂದೆತಾಯಿಯರ ಹತ್ಯೆಯ ವೈಯಕ್ತಿಕ ನೋವಾಗಿ ತಿರುಗಿತು. ಇದರಿಂದ ಭಾವದ ತೀವ್ರತೆ ಹೆಚ್ಚಿದರೂ ವಿಚಾರದ ತೀವ್ರತೆ ತಗ್ಗಿತೆನ್ನಬೇಕು.

ಒಟ್ಟಿನಲ್ಲಿ, ಮಿತ್ರವೀರರ ಕಾಳಗದ ಬೆಲೆಯು ಹೊಡೆತಗಳಲ್ಲಿ ಇಲ್ಲ, ಕಾರಣದಲ್ಲಿದೆ. ಮೊದಲನೆಯ ವರ್ಗದ ಕಥೆಯು ದುಡುಕದೆ ವಿಚಾರಿಸು ಎಂಬ ಸರಳ ಪಾಠವನ್ನು ಕೊಟ್ಟು ಮುಗಿಯುತ್ತದೆ. ಎರಡನೆಯ ವರ್ಗದ್ದು ಓದುಗನನ್ನೇ ನ್ಯಾಯಪೀಠದಲ್ಲಿ ಕೂರಿಸುತ್ತದೆ. ಒಳ್ಳೆಯವರೂ ಭಿನ್ನಮತರಾಗಬಹುದು, ಅವರ ಹಟದ ಬೆಲೆಯನ್ನು ಬೇರೆಯವರು ತೆರಬೇಕಾಗಬಹುದು ಎಂಬುದನ್ನು ತೋರಿಸುತ್ತದೆ. ಇಂತಹ ಪುಸ್ತಕವು ವಿದ್ಯಾರ್ಥಿಯ ಕೈಯಲ್ಲಿ ಕಂಡಾಗ ಅದನ್ನು ಕಸಿದುಕೊಳ್ಳುವ ಉಪಾಧ್ಯಾಯನಿಗಿಂತ, ಅದರ ಬಗೆಗೆ ಪ್ರಶ್ನೆ ಕೇಳುವ ಉಪಾಧ್ಯಾಯನು ಹೆಚ್ಚಿನ ಉಪಕಾರ ಮಾಡುತ್ತಾನೆ. ಗೆದ್ದವರು ಯಾರು ಎಂಬುದಕ್ಕೆ ಯಾವ ಬಾಲಕನಾದರೂ ಉತ್ತರ ಕೊಟ್ಟಾನು. ಇಬ್ಬರ ಮಾತಿನಲ್ಲಿಯೂ ಎಷ್ಟೆಷ್ಟು ನಿಜವಿದ್ದಿತು, ನಷ್ಟ ಯಾರಿಗಾಯಿತು ಎಂದು ಕೇಳಿದಾಗ ಅವನು ಪುಸ್ತಕವನ್ನು ಮತ್ತೊಮ್ಮೆ ತೆರೆಯುತ್ತಾನೆ. ನಿಜವಾದ ಓದು ಅಲ್ಲಿಂದ ಆರಂಭವಾಗುತ್ತದೆ.